ಕುಳ್ಳಿನ ಕೆಂಡದ ಮ್ಯಾಲಿನ ಗಡಿಗಿ

ಹ್ವಾದ ಐತಾರ ಬೆಂಗಳೂರಿಂದ ಮಗಳು ಫೋನ್ ಹಚ್ಚಿದ್ಲು. ಮೊಮ್ಮಗಳ ಸಾಲಿ, ಅಳಿಯನ ನೌಕರಿ, ಎಲ್ಲಾ ಮಾತು ಮುಗದ ಮ್ಯಾಲ ದನಿ ಸಣ್ಣ ಮಾಡಿ, “ಯವ್ವಾ, ಅಜ್ಜಿ ಮಾಡ್ತಿದ್ಲಲ್ಲ, ಅದನ್ನ ಹೆಂಗ ಮಾಡೂದು?” ಅಂತ ಕೇಳಿದ್ಲು. “ಅದು ಅಂದ್ರ ಯಾವ್ದು?” ಅಂದೆ. “ಅದ ಬೇ, ದೊಡ್ಡದು” ಅಂದ್ಲು. ಬಾಜು ಮನಿಯವರಿಗೆ ಕೇಳಸ್ತೈತಿ ಅಂತ ಹೆಸರು ಹೇಳ್ಲಿಲ್ಲ.

ಫೋನ್ ಇಟ್ಟ ಮ್ಯಾಲ ನಂಗ ಭಾಳ ಹೊತ್ತು ಅದ ತಲ್ಯಾಗ ಉಳೀತು. ನಾನೂ ಹಂಗ ಇದ್ದೆ. ನಮ್ಮವ್ವನೂ ಹಂಗ ಇದ್ದಳು. ದೊಡ್ಡದು ಅಂತೀವಿ, ಖಂಡ ಅಂತೀವಿ, ಬಡೇ ಕಾ ಅಂತೀವಿ, ಯಾರರ ಬಂದು ಕುಂತಿದ್ರ ಬರೇ ಸಾರು ಅಂತೀವಿ. ದನದ ಖಂಡ ಅಂತ ಬಾಯಿ ತುಂಬ ಅಂದಿದ್ದು ಕಡಿಮಿ. ಇಲ್ಲಿ ನಾನು ಹೋಳಿಗಿ ಬಗ್ಗೆ ಬರದೀನಿ, ಗುರೆಳ್ಳು ಚಟ್ನಿ ಬಗ್ಗೆ ಬರದೀನಿ, ಪುಂಡಿಪಲ್ಲೆ ಬಗ್ಗೆ ಎರಡು ಸಲ ಬರದೀನಿ. ನಮ್ಮವ್ವ ಎಲ್ಲಾಕಿಂತ ಚೊಲೋ ಮಾಡ್ತಿದ್ದ ಅಡಗಿ ಬಗ್ಗೆ ಮಾತ್ರ ಒಂದ ಸಾಲು ಬರದಿಲ್ಲ. ಇವತ್ತು ಬರೀತೀನಿ. ತಿನ್ನದವರು ಬೇಜಾರು ಮಾಡ್ಕೋಬ್ಯಾಡ್ರಿ, ಓದಿ ನೋಡ್ರಿ. ಇದು ಬರೇ ಅಡಗಿ ಮಾತಲ್ಲ, ನಮ್ಮ ಸೀಮಿ ಚರಿತ್ರಿನೂ ಐತಿ.

ನನ್ನ ತವರು ಮಸ್ಕಿ ಹತ್ರದ ಹಳ್ಳಿ. ಈಗ ಮಸ್ಕಿನ ತಾಲೂಕು ಆಗೈತಿ, ನಮ್ಮ ಕಾಲಕ್ಕ ಲಿಂಗಸುಗೂರು ತಾಲೂಕಿನಾಗ ಇತ್ತು. ಸಾಲ್ಯಾಗ ಇದ್ದಾಗ ಮಾಸ್ತರು ನಮ್ಮನ್ನ ಮಸ್ಕಿ ಗುಡ್ಡಕ್ಕ ಅಶೋಕನ ಶಾಸನ ತೋರಸಾಕ ಕರಕೊಂಡು ಹೋಗಿದ್ರು. 1915ರಾಗ ಬೀಡನ್ ಅನ್ನೋ ಎಂಜಿನಿಯರ್ ಬಂಗಾರ ಹುಡುಕ್ಕೋತ ಬಂದವ, ಅವನ ಕಣ್ಣಿಗೆ ಈ ಕಲ್ಲು ಬಿತ್ತು. ಅಲ್ಲೀತನಕ ಸಿಕ್ಕ ಶಾಸನದಾಗೆಲ್ಲಾ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಇತ್ತು. ಅಶೋಕ ಅಂತ ಹೆಸರು ಹಿಡದು ಬರದಿದ್ದು ಮದಲು ಸಿಕ್ಕಿದ್ದು ನಮ್ಮ ಮಸ್ಕ್ಯಾಗ. ಆ ದೇವಾನಾಂಪ್ರಿಯ ಅಂದ್ರ ಅಶೋಕನ ಅಂತ ಜಗತ್ತಿಗೆ ಗಟ್ಟಿ ಆಗಿದ್ದು ಆವಾಗ. ಹೆಸರು ಬಾಯಿ ಬಿಟ್ಟು ಹೇಳಿದ್ರ ಏನೇನು ಆಗ್ತೈತಿ ನೋಡ್ರಿ!

ಮಾಸ್ತರು ಅಶೋಕ ಪ್ರಾಣಿ ಕೊಲ್ಲೂದು ಬಿಡಿಸಿದ ಅಂತ ಹೇಳಿದ್ರು. ಅದು ಖರೇ. ಆದ್ರ ಆ ಮಾತು ಮಸ್ಕಿ ಕಲ್ಲಿನಾಗ ಇಲ್ಲ, ಬ್ಯಾರೆ ಕಡಿ ಇರೋ ದೊಡ್ಡ ಶಾಸನದಾಗ ಐತಿ. ಆಂಧ್ರದ ಎರ್ರಗುಡ್ಯಾಗೂ ಅದು ಐತಿ. ಮದಲು ಅರಸನ ಅಡಗಿಮನಿಗೆ ದಿನಾ ಲಕ್ಷಗಟ್ಟಲೆ ಪ್ರಾಣಿ ಕಡೀತಿದ್ರಂತ, ಈಗ ಎರಡು ನವಿಲು ಒಂದು ಜಿಂಕಿ ಅಷ್ಟ, ಆ ಜಿಂಕಿನೂ ದಿನಾ ಇಲ್ಲ ಅಂತ ಅದರಾಗ ಬರಸ್ಯಾನ. ಅಂದ್ರ ಅರಸನ ಗಡಿಗ್ಯಾಗ ಏನು ಕುದೀತೈತಿ ಅನ್ನೋದೂ ಕಲ್ಲಿನ ಮ್ಯಾಲ ಬಂತು. ನಮ್ಮ ಗಡಿಗಿ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ.

ಬರಲಿಲ್ಲ ಅಂತ ನಾನು ಅನ್ಕೊಂಡಿದ್ದೆ, ಆದ್ರ ಭೂಮ್ಯಾಗ ಬರದದ್ದು ಐತಿ. ನಮ್ಮ ಮಸ್ಕ್ಯಾಗ 1954ರಾಗ ಸರ್ಕಾರದ ಪುರಾತತ್ವದವರು ಅಗದ್ರು. ಥಾಪರ್ ಅನ್ನೋರು ಮುಂದ ನಿಂತು ಅಗಸಿದ್ರು. ಅದೇ ಸುಮಾರಿನಾಗ ಮುದಗಲ್ ಹತ್ರದ ಪಿಕ್ಲಿಹಾಳದಾಗ ಆಲ್ಚಿನ್ ಅನ್ನೋ ಇಂಗ್ಲಿಷರ ಪಂಡಿತ ಅಗದ. ಪಿಕ್ಲಿಹಾಳ ಅಂದ್ರ ನಮ್ಮ ಲಿಂಗಸುಗೂರು ತಾಲೂಕ, ದೂರದ ಊರಲ್ಲ. ಅಲ್ಲಿ ನಾಕು ಸಾವಿರ ವರ್ಷದ ಹಿಂದ ಇದ್ದವರು ದನ ಸಾಕೋರು. ಬಂಡಿಗಲ್ಲಿನ ಮ್ಯಾಲ ಎತ್ತಿನ ಚಿತ್ರ ಬಡದಾರ, ಮಣ್ಣಿಲೆ ಸಣ್ಣ ಸಣ್ಣ ಎತ್ತು ಮಾಡಿಟ್ಟಾರ. ಮಣ್ಣೆತ್ತಿನ ಅಮಾಸಿ ದಿನ ನಮ್ಮ ಹುಡುಗರು ಮಾಡ್ತಾವಲ್ಲ, ಹಂಗ.

ಇನ್ನ ಬೂದಿ ದಿಬ್ಬ. ನಮ್ಮ ರಾಯಚೂರು, ಬಳ್ಳಾರಿ, ಸುರಪುರ ಕಡಿ ಅಲ್ಲಲ್ಲಿ ದೊಡ್ಡ ದೊಡ್ಡ ಬೂದಿ ಗುಡ್ಡಿ ಅದಾವ. ಹಿಂದಿನವರು ರಕ್ಕಸರ ಎಲುಬು ಸುಟ್ಟ ಬೂದಿ ಅಂತಿದ್ರು. ರಕ್ಕಸರದ್ದಲ್ಲ, ಸಗಣಿದು. ದನ ಕೂಡಿ ಹಾಕ್ತಿದ್ದ ದೊಡ್ಡಿಯೊಳಗ ವರ್ಷಾನಗಟ್ಟಲೆ ಬಿದ್ದ ಸಗಣಿ ಗುಡ್ಡಿಗೆ ಮತ್ತ ಮತ್ತ ಬೆಂಕಿ ಹಚ್ಚಿ ಆದ ಬೂದಿ. 1957ರಾಗ ಮಹಬೂಬನಗರ ಜಿಲ್ಲಾದ ಉತನೂರಾಗ ಅದ ಆಲ್ಚಿನ್ ಅಗದಾಗ ಬೂದಿ ಪದರದಾಗ ದನದ ಗೊರಸಿನ ಗುರುತು ಸಿಕ್ಕವು. ಸುರಪುರ ಕಡಿ ಬೂದಿಹಾಳದಾಗ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗದಾಗ ದನ ಕೊಯ್ದು ಪಾಲು ಮಾಡೋ ಜಾಗಾನ ಸಿಕ್ತು. ಎಲುಬು, ಕಲ್ಲಿನ ಚೂರಿ ಎಲ್ಲಾ ಇದ್ದವು. ಒಬ್ಬೊಬ್ಬರು ಕದ್ದು ತಿಂದಿದ್ದಲ್ಲ, ಊರು ಕೂಡಿ ಪಾಲು ಹಂಚಕೊಂಡು ತಿಂದಿದ್ದು.

ಅವರು ಹೆಂಗ ಬೇಯಿಸಿರಬೇಕು? ಇದು ಅಡಗಿ ಮಾಡೋ ಹೆಣ್ಮಕ್ಕಳ ಪ್ರಶ್ನಿ. ಆವಾಗ ಮೆಣಸಿನಕಾಯಿ ಇದ್ದಿಲ್ಲ. ಅದು ಪೋರ್ಚುಗೀಸರು ಬಂದ ಮ್ಯಾಲ, ಅಂದ್ರ 1498ರ ಈಚಿಗೆ ಬಂದಿದ್ದು. ಟಮಾಟಿ, ಆಲೂಗಡ್ಡಿನೂ ಹಂಗ. ಜ್ವಾಳ ಸುದ್ದಾ ಆಫ್ರಿಕಾದಿಂದ ಆಮ್ಯಾಲ ಬಂದಿದ್ದು. ಇದ್ದಿದ್ದು ಹುಳ್ಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯ. ಹುಳ್ಳಿ ಜೋಡಿ ಖಂಡ. ಇದನ್ನ ಓದಿದಾಗ ನಂಗ ಮೈ ಝುಂ ಅಂತು. ಯಾಕಂದ್ರ ನಮ್ಮವ್ವ ಒಣಖಂಡ ಮಾಡ್ತಿದ್ದಿದ್ದು ಹುಳ್ಳಿ ಜೋಡಿನ. ಅಲ್ಲಿಂದ ಇಲ್ಲೀತನಕ ಒಂದ ಹಗ್ಗ ಐತಿ ಅಂತ ನಾನು ಹೇಳೂದಿಲ್ಲ. ಆದ್ರ ಈ ಭೂಮ್ಯಾಗ ಬೆಳಿಯೋದು ಹುಳ್ಳಿ, ಈ ಭೂಮ್ಯಾಗ ಬದುಕೋದು ದನ. ಎರಡೂ ಒಂದ ಗಡಿಗ್ಯಾಗ ಬೀಳೂದು ಸಹಜ ಐತಿ.

ಮುಂದ ಬದಲಾತು. ದನ ಉಳಿಮಿಗೆ ಬಂತು, ಬಂಡಿಗೆ ಬಂತು, ದೇವರಾತು. ವಿಜಯನಗರದ ಕಾಲಕ್ಕ ಇಲ್ಲಿದ್ದ ಪೋರ್ಚುಗೀಸ ಕುದುರಿ ವ್ಯಾಪಾರಿ ನುನಿಸ್, ಇಲ್ಲಿನ ಅರಸರು ಎಲ್ಲಾ ನಮೂನಿ ಮಾಂಸ ತಿಂತಾರ, ಆಕಳ ಎತ್ತಿನದು ಮಾತ್ರ ತಿನ್ನೂದಿಲ್ಲ ಅಂತ ಬರದಾನ. ನಮ್ಮ ರಾಯಚೂರು ಕ್ವಾಟಿಗೋಸ್ಕರ 1520ರಾಗ ಕೃಷ್ಣದೇವರಾಯ ಬಿಜಾಪುರದ ಆದಿಲ್‌ಶಾಹಿ ಜೋಡಿ ಯುದ್ಧ ಮಾಡಿದ್ದನ್ನೂ ಬರದವ ಇವನ. ಅರಸರು ತಿನ್ನಲಿಲ್ಲ. ಸತ್ತ ದನ ಮಾತ್ರ ಯಾರರ ಎತ್ತಬೇಕಲ್ಲ? ಬಾವಿಯಿಂದ ನೀರು ಎತ್ತೋ ತೊಗಲಿನ ಬಾನಿ, ಎತ್ತಿನ ಮಿಣಿ, ಕಾಲಾಗಿನ ಕೆರ, ಹಬ್ಬದ ಹಲಗಿ, ಎಲ್ಲಾಕ ತೊಗಲು ಬೇಕಲ್ಲ? ಅದು ನಮ್ಮ ಕೇರಿ ಕೆಲಸ ಆತು. ಊರಾಗ ದನ ಸತ್ರ ಹೇಳಿ ಕಳಸ್ತಿದ್ರು. ಎತ್ತಕೊಂಡು ಹೋಗಬೇಕು, ತೊಗಲು ಹದ ಮಾಡಿ ಗೌಡರಿಗೆ ಮಿಣಿ ಕೊಡಬೇಕು. ಖಂಡ ಕೂಲಿ ಅಂತ. ಬ್ಯಾಡ ಅನ್ನೋ ಹಕ್ಕು ಇದ್ದಿಲ್ಲ.

ನಮ್ಮಜ್ಜಿ ಆ ಕಾಲದಾಕಿ. ಅದರ ಬಗ್ಗೆ ಕೇಳಿದ್ರ ಸೆರಗು ಬಾಯಿಗೆ ಇಟ್ಕೊಂಡು ಸುಮ್ಮ ಆಗ್ತಿದ್ಲು. ಬಾಬಾಸಾಹೇಬರು 1927ರಾಗ ಮಹಾಡದಾಗ ಸತ್ತ ದನದ ಖಂಡ ತಿನ್ನೂದು ಬಿಡ್ರಿ ಅಂತ ಕರೆ ಕೊಟ್ರು. ಅದು ನಮ್ಮ ಕೇರಿತನಕ ನಡಕೋತ ಬರಾಕ ಭಾಳ ವರ್ಷ ಹಿಡೀತು. ನಮ್ಮಪ್ಪ ಹುಡುಗ ಇದ್ದಾಗ ಕೇರ್ಯಾಗಿನ ಹಿರೇರು ಕೂಡಿ, ಇನ್ನ ಮುಂದ ಸತ್ತದ್ದು ಎತ್ತೂದಿಲ್ಲ ಅಂದ್ರಂತ. ಅದಕ್ಕ ಊರಾಗ ಎರಡು ತಿಂಗಳು ಕೂಲಿ ಕರೀಲಿಲ್ಲಂತ. ಆದ್ರೂ ಎತ್ತಲಿಲ್ಲ. ಅಲ್ಲಿಂದ ನಮ್ಮನ್ಯಾಗ ಸತ್ತ ದನದ್ದು ಬಂದಿಲ್ಲ, ಸಂತ್ಯಾಗ ರೊಕ್ಕ ಕೊಟ್ಟು ತಂದಿದ್ದ. ಇದನ್ನ ನಾನು ಯಾಕ ಹೇಳ್ತೀನಂದ್ರ, ಭಾಳ ಮಂದಿ ಎರಡೂ ಒಂದ ಅಂತ ತಿಳಕೊಂಡಾರ. ಒಂದು ಹೇರಿದ್ದು, ಇನ್ನೊಂದು ನಾವು ಆರಿಸಿಕೊಂಡಿದ್ದು. ಬಾಬಾಸಾಹೇಬರು 1948ರಾಗ ಅಸ್ಪೃಶ್ಯರು ಯಾರು ಅಂತ ಪುಸ್ತಕ ಬರದು, ಒಂದು ಕಾಲಕ್ಕ ಎಲ್ಲಾರೂ ತಿಂತಿದ್ರು, ಬಿಟ್ಟವರು ಮ್ಯಾಲಾದ್ರು, ಬಿಡಾಕ ಆಗದವರು ಕೆಳಗಾದ್ರು ಅಂತ ವಾದ ಮಾಡ್ಯಾರ.

ವಾರದ ಸಂತಿಗೆ ಹೋಗಿ ಅಪ್ಪ ಖಂಡ ತಂದ್ರ ಅರ್ಧ ಅವತ್ತಿಗೆ, ಅರ್ಧ ಒಣಗಸಾಕ. ಅವ್ವ ಉದ್ದುದ್ದ ಸೀಳಿ ಉಪ್ಪು ಅರಿಶಿಣ ಸವರಿ ಹಗ್ಗಕ್ಕ ಹಾಕ್ತಿದ್ಲು. ಕಾಗಿ ಓಡಸೂದು ನನ್ನ ಕೆಲಸ. ಎರಡು ಮೂರು ಬಿಸಲಿಗೆ ಕಟಿಗಿ ಆದಂಗ ಆಗ್ತಿತ್ತು. ಆಮ್ಯಾಲ ಗಡಿಗ್ಯಾಗ ತುಂಬಿ ಬಾಯಿ ಕಟ್ಟಿದ್ರ ಮಳಿಗಾಲಕ್ಕ ಆಸ್ರ. ಮರಾಠವಾಡಾದಾಗೂ ಹಿಂಗ ಒಣಗಸ್ತಾರ, ಅಲ್ಲಿ ಚಾನ್ಯಾ ಅಂತಾರ. ಶಾಹು ಪಾಟೋಳೆ ಅನ್ನೋರು ಆ ಕಡಿ ದಲಿತರ ಅಡಗಿ ಮ್ಯಾಲ ಮರಾಠ್ಯಾಗ ಪುಸ್ತಕನ ಬರದಾರ. ಮರಾಠವಾಡಾನೂ ನಾವೂ ಒಂದ ನಿಜಾಮನ ರಾಜ್ಯದಾಗ ಇದ್ದವರು.

1986ರಾಗ ನಾನು ಪಿಯುಸಿಗೆ ಲಿಂಗಸುಗೂರಿಗೆ ಬಂದೆ. ಕೇರ್ಯಾಗ ಪಿಯುಸಿಗೆ ಹ್ವಾದ ಮದಲನೇ ಹುಡುಗಿ. ಒಂದು ಖೋಲಿ ಬಾಡಿಗಿ ಹಿಡದಿದ್ವಿ, ನಾನು ಮತ್ತ ನಮ್ಮ ಚಿಕ್ಕಪ್ಪನ ಮಗಳು. ಒಂದು ದಿನ ಅವ್ವ ರೊಟ್ಟಿ ಗಂಟಿನ ಜೋಡಿ ಡಬ್ಬಿ ತುಂಬ ಒಣಖಂಡದ ಪಲ್ಲೆ ಕಳಿಸಿದ್ಲು. ಬಿಸಿ ಮಾಡಿದ್ವಿ. ವಾಸನಿಗೆ ಮನಿ ಮಾಲಕರು ಬಾಗಲಕ್ಕ ಬಂದು ನಿಂತ್ರು. ಬೈಲಿಲ್ಲ, ಬಡೀಲಿಲ್ಲ. “ನಾಳಿ ಖೋಲಿ ಖಾಲಿ ಮಾಡ್ರಿ” ಅಂದು ಹ್ವಾದ್ರು, ಅಷ್ಟ. ನಾನು ಆ ಡಬ್ಬಿ ತಗೊಂಡು ಹೋಗಿ ಹಳ್ಳಕ್ಕ ಚೆಲ್ಲಿದೆ. ಊರಿಗೆ ಹ್ವಾದಾಗ ಅವ್ವ, “ತಿಂದ್ರೇನು? ಹದ ಆಗಿತ್ತೇನು?” ಅಂತ ಕೇಳಿದ್ಲು. “ಹ್ಞೂ, ಚೊಲೋ ಇತ್ತು” ಅಂದೆ. ಮೂರು ದಿನ ಬಿಸಲಾಗ ಕಾಯ್ದು ಒಣಗಿಸಿದ್ದು ಅದು. ಅವ್ವ ತೀರಿ ಹನ್ನೊಂದು ವರ್ಷ ಆತು, ಆ ಸುಳ್ಳು ಹಂಗ ಉಳಕೊಂಡೈತಿ.

ಆಮ್ಯಾಲ ಹಿಂದಿನ ಓಣ್ಯಾಗ ಒಬ್ಬ ಚಾಚಿ ಮನ್ಯಾಗ ಖೋಲಿ ಸಿಕ್ತು. ಚಾಚಿ ಶುಕ್ರವಾರ ರಾತ್ರಿ ಒಲಿ ಮ್ಯಾಲ ದೇಗ್ಡಿ ಇಟ್ಟು, ಮುಚ್ಚಳಕ್ಕ ಹಿಟ್ಟಿನ ಕಣಕ ಮೆತ್ತಿ ಮಕ್ಕೊಂತಿದ್ಲು. ಮುಂಜಾನಿ ತೆಗದ್ರ ನಹಾರಿ. ನಹಾರ್ ಅಂದ್ರ ಅರಬ್ಬಿ ಭಾಷ್ಯಾಗ ಹಗಲು. ರಾತ್ರಿ ಬೇಯಿಸಿ ಮುಂಜಾನಿ ನಮಾಜ್ ಆದ ಮ್ಯಾಲ ತಿನ್ನೋ ಊಟ. ದಿಲ್ಲಿಯವರು ನಮ್ದು ಅಂತಾರ, ಲಖನೌದವರು ನಮ್ದು ಅಂತಾರ, ಹೈದರಾಬಾದಿನವರು ಪಾಯಾ ಕೂಡಿಸಿ ತಮ್ಮದ ಒಂದು ಮಾಡ್ಕೊಂಡಾರ. ನಮ್ಮ ಕಡಿ ಅದು ಬರೂದು ದೊಡ್ಡ ಮಾತಲ್ಲ. ಎರಡು ಹೊಳಿ ನಡುವಿನ ಈ ಸೀಮಿ ಬಹಮನಿ, ಆದಿಲ್‌ಶಾಹಿ, ಆಮ್ಯಾಲ ನಿಜಾಮನ ಕೈಯಾಗ ಇತ್ತು. 1853ರಾಗ ಸಾಲದ ಸಲುವಾಗಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ, 1860ರಾಗ ವಾಪಸ್ ತಗೊಂಡ. 1948ರ ತನಕ ಅವನದ. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಕೂಡಿದ್ವಿ. ರಾಜ್ಯ ಬದಲಾತು, ದೇಗ್ಡಿ ಬದಲಾಗಲಿಲ್ಲ.

ಮದಲನೇ ಶುಕ್ರವಾರ ಚಾಚಿ ಬಟ್ಟಲಾಗ ಹಾಕಿ ಕೊಟ್ಟಾಗ ನಾನು, “ನಾವು ತಿನ್ನೂದಿಲ್ಲ” ಅಂದೆ. ಹಳ್ಳಕ್ಕ ಚೆಲ್ಲಿದ ಮ್ಯಾಲ ಬಾಯಿಗೆ ಬರೂದು ಅದ ಮಾತು. ಆಕಿ ನಕ್ಕು, “ಬೇಟಿ, ಖೋಲಿ ಯಾಕ ಬಿಡಿಸಿದ್ರು ನಂಗ ಗೊತ್ತೈತಿ, ಉಣ್ಣು” ಅಂದ್ಲು. ಆವತ್ತು ಕುಂತು ತಿಂದೆ. ಅವ್ವನ ಕೈ ಬ್ಯಾರೆ, ಚಾಚಿ ಕೈ ಬ್ಯಾರೆ, ಆದ್ರ ಗುಟ್ಟು ಒಂದ: ಸಣ್ಣ ಉರಿ, ಉದ್ದನ ಹೊತ್ತು. ನಾನು ಈಗ ಮಾಡೂದು ಇಬ್ಬರದೂ ಕೂಡಿಸಿ.

ಸಣ್ಣ ಉರಿ ಯಾಕಂದ್ರ, ನಮ್ಮ ಪಾಲಿಗೆ ಬರ್ತಿದ್ದಿದ್ದು ಮುದಿ ದನದ್ದು, ಹತ್ತು ಹದಿನೈದು ವರ್ಷ ದುಡದದ್ದು. ದುಡದ ಕಾಲಿನ ಖಂಡದಾಗ ನಾರು ಜಾಸ್ತಿ. ಜೋರು ಕುದಿಸಿದ್ರ ಖಂಡ ಸೆಟದು ಕೆರದ ತೊಗಲು ಆಗ್ತೈತಿ. ಸಣ್ಣಗ ತಾಸುಗಟ್ಟಲೆ ಬೆಂದ್ರ ಆ ಬಿಳಿ ನಾರು ಕರಗಿ ಅಂಟಾಗಿ ಸಾರಿಗೆ ಬರ್ತೈತಿ, ಬೆರಳಿಗೆ ಬೆರಳು ಅಂಟತೈತಿ. ಕೊಲಾಜನ್ ಅಂತಾರ ಅದಕ್ಕ. ಎಳೀ ಖಂಡದಾಗ ಈ ರುಚಿ ಬರೂದಿಲ್ಲ. ಒಳ್ಳೇದು ಬ್ಯಾರೆಯವರಿಗೆ ಹೋಗಿ, ಗಟ್ಟಿದು ನಮಗ ಉಳೀತು. ಆ ಗಟ್ಟಿದನ್ನ ಮೆತ್ತಗ ಮಾಡೂ ವಿದ್ಯಾ ನಮ್ಮ ಹೆಣ್ಮಕ್ಕಳು ಕಲ್ತರು.

ಅವ್ವಗ ಸಣ್ಣ ಉರಿ ಕೊಡ್ತಿದ್ದಿದ್ದು ಕುಳ್ಳು. ಮದಲು ಹತ್ತಿ ಕಟಿಗಿಲೆ ಜೋರು ಹೊತ್ತಿಸಿ, ಒಂದು ಕುದಿ ಬಂದ ಮ್ಯಾಲ ಕಟಿಗಿ ಹಿಂದ ಎಳದು, ನಾಕು ಕುಳ್ಳು ಇಟ್ಟು ಬೂದಿ ಮುಚ್ಚಿ ಹೊಲಕ್ಕ ಹೋಗ್ತಿದ್ಲು. ಸಂಜಿಗೆ ಬಂದ್ರ ಗಡಿಗಿ ಗುಳುಗುಳು ಅಂತಿರ್ತಿತ್ತು. ದನದ ಸಗಣಿ ಬೆಂಕಿ ಮ್ಯಾಲ ದನದ ಖಂಡ. ಒಲಿ ಬೂದಿ ತಿಪ್ಪಿಗೆ, ತಿಪ್ಪಿ ಹೊಲಕ್ಕ. ಬೂದಿ ದಿಬ್ಬದ ಸುದ್ದಿ ಓದಿದಾಗ ನಂಗ ಮದಲು ನೆನಪಾಗಿದ್ದು ಅವ್ವನ ಒಲಿ.

ಈಗ ಮಗಳಿಗೆ ಹೇಳಿದ್ದು ಹೇಳ್ತೀನಿ. ಒಂದು ಕಿಲೋ ಕಾಲಿನ ಖಂಡ, ಎಲುಬು ಸಮೇತ, ದೊಡ್ಡ ತುಂಡು ಇರ್ಲಿ. ಉಪ್ಪು, ಅರಿಶಿಣ, ಎರಡು ಚಮಚ ಶುಂಠಿ ಬಳ್ಳೊಳ್ಳಿ ಹಚ್ಚಿ ಒಂದು ತಾಸು ಇಡ್ರಿ. ದಪ್ಪ ತಳದ ಪಾತ್ರ್ಯಾಗ ಐದಾರು ಚಮಚ ಕುಸುಬಿ ಎಣ್ಣಿ ಕಾಸಿ, ನಾಕು ಉಳ್ಳಾಗಡ್ಡಿ ಕೆಂಪಗ ಹುರದು ಅರ್ಧ ತೆಗದಿಡ್ರಿ. ಉಳದಿದ್ದರಾಗ ಖಂಡ ಹಾಕಿ ನೀರು ಇಂಗೂತನಕ ಹುರೀರಿ. ಇಲ್ಲಿ ಅವಸರ ಮಾಡಬ್ಯಾಡ್ರಿ, ಬಣ್ಣ ಬರೂದು ಇಲ್ಲೇ. ಎರಡು ಚಮಚ ಖಾರಪುಡಿ, ಎರಡು ಚಮಚ ಕೊತ್ತಂಬರಿ ಪುಡಿ ಹಾಕಿ, ಎರಡು ಲೀಟರ್ ಬಿಸಿನೀರು ಹಾಕ್ರಿ. ತಣ್ಣೀರು ಬ್ಯಾಡ. ಒಂದು ಕುದಿ ಬಂದ ಮ್ಯಾಲ ನೊರಿ ತೆಗದು, ಗ್ಯಾಸ್ ಎಲ್ಲಾಕಿಂತ ಸಣ್ಣ ಮಾಡಿ ಮುಚ್ಚಿಡ್ರಿ. ನಾಕು ತಾಸು. ಕುಕ್ಕರ್ ಆದ್ರ ಎರಡು ಸೀಟಿ ಆದ ಮ್ಯಾಲ ಸಣ್ಣ ಉರ್ಯಾಗ ಮುಕ್ಕಾಲು ತಾಸು.

ಮಸಾಲಿಗೆ ಒಂದು ಬೆರಳು ಚಕ್ಕಿ, ಐದು ಲವಂಗ, ಹದಿನೈದು ಮೆಣಸಿನ ಕಾಳು, ಒಂದು ಚಮಚ ಶಾಜೀರಿಗಿ, ಒಂದು ಬಾದ್ಯಾನ ಹೂವು, ಚಿಟಿಕಿ ಕಲ್ಲುಹೂವು, ಒಂದು ಚಮಚ ಗಸಗಸಿ, ಎರಡು ಚಮಚ ಒಣಕೊಬ್ಬರಿ. ಚಾಚಿದು ಇಷ್ಟ. ಅವ್ವದು ಒಂದು ಚಮಚ ಗುರೆಳ್ಳು. ಹುರದು, ತೆಗದಿಟ್ಟ ಉಳ್ಳಾಗಡ್ಡಿ ಕೂಡಿಸಿ ಅರದು ಮೂರನೇ ತಾಸಿಗೆ ಹಾಕ್ರಿ. ಕೊನಿಗೆ ಅರ್ಧ ತಾಸು ಇದ್ದಾಗ ಎರಡು ಚಮಚ ಹುರದ ಹಿಟ್ಟು ನೀರಾಗ ಕಲಿಸಿ ಬಿಡ್ರಿ. ಚಾಚಿ ಗೋದಿ ಹಿಟ್ಟು ಹಾಕ್ತಿದ್ಲು, ನಾನು ಜ್ವಾಳದ ಹಿಟ್ಟು ಹಾಕ್ತೀನಿ. ಹುಳ್ಳಿ ಹಾಕೋರು ರಾತ್ರಿ ನೆನಸಿದ ಹುಳ್ಳಿ ಖಂಡದ ಜೋಡಿನ ಹಾಕ್ರಿ, ಹುಣಸಿಹುಳಿ ಅಥವಾ ಪುಂಡಿಪಲ್ಲೆ ಮಾತ್ರ ಕೊನಿಗೆ. ಹುಳಿ ಮದಲ ಹಾಕಿದ್ರ ಕಾಳು ಬೇಯೂದಿಲ್ಲ. ಬಿಸಿ ಬಿಳಿ ಜ್ವಾಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಒಂದು ಹೋಳು ನಿಂಬಿಹಣ್ಣು. ಮರುದಿನ ಇನ್ನಾ ರುಚಿ.

ಮದಿವಿ ಆಗಿ ಸಿಂಧನೂರಿಗೆ ಬಂದ ಮ್ಯಾಲ ನೋಡಿದ್ದು ಬ್ಯಾರೆನ ಲೋಕ. 1953ರಾಗ ತುಂಗಭದ್ರಾ ಡ್ಯಾಮ್ ಆಗಿ ಎಡದಂಡಿ ಕಾಲವಿ ನೀರು ಬಂತು, ಜ್ವಾಳದ ಹೊಲ ಭತ್ತದ ಗದ್ದಿ ಆದವು. ಆಂಧ್ರದವರ ಕ್ಯಾಂಪ್ ಬಂದವು, ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪೂ ಆದವು. ಆಮ್ಯಾಲ ಟ್ರ್ಯಾಕ್ಟರ್. ನಮ್ಮ ಮಾವನ ಮನ್ಯಾಗ ನಾನು ಬಂದಾಗ ಎರಡು ಜೋಡಿ ಎತ್ತು ಇದ್ದವು, ಈಗ ಒಂದೂ ಇಲ್ಲ. ಕಾರಹುಣ್ಣಿಮಿಗೆ ಕೋಡಿಗೆ ಬಣ್ಣ ಹಚ್ಚಾಕ ಹುಡುಗರು ಬ್ಯಾರೆ ಓಣಿಗೆ ಹೋಗ್ತಾರ. ಎತ್ತು ಪೂಜಿ ಮಾಡೂದೂ ನಾವ, ಖಂಡ ತಿನ್ನೂದೂ ನಾವ ಅಂದ್ರ ಕೆಲವರಿಗೆ ತಿಳಿಯೂದಿಲ್ಲ. ಎತ್ತು ಸಾಕಿದವರಿಗೆ ಅದು ತಿಳೀತೈತಿ.

ಕಾಯ್ದೆನೂ ಬದಲಾತು. 1964ರ ಕಾಯ್ದೆ ಇದ್ದಾಗ 12 ವರ್ಷ ದಾಟಿದ ಎತ್ತು, ಎಮ್ಮಿ, ಕ್ವಾಣಕ್ಕ ಅಧಿಕಾರಿ ಚೀಟಿ ಕೊಟ್ರ ಕೊಯ್ಯಾಕ ಬರ್ತಿತ್ತು. 2021ರ ಜನವರಿಯಿಂದ ಹೊಸ ಕಾಯ್ದೆ ನಡದೈತಿ. ಈಗ ಆಕಳ, ಎತ್ತು, ಕರ ಯಾವ ವಯಸ್ಸಿಂದೂ ಇಲ್ಲ. 13 ವರ್ಷ ದಾಟಿದ ಎಮ್ಮಿ ಕ್ವಾಣ ಮಾತ್ರ, ಅದೂ ಚೀಟಿ ಮ್ಯಾಲ. ತಪ್ಪಿದ್ರ ಮೂರರಿಂದ ಏಳು ವರ್ಷ ಜೇಲು. ಅದಕ್ಕ ಈಗ ನಮ್ಮನ್ಯಾಗ ಆಗೂದು ಕ್ವಾಣಂದು, ಅದೂ ಸಿಕ್ಕಾಗ. ಕೂಲಿ ಮಾಡೋರಿಗೆ ಕುರಿ ಖಂಡ ಕೈಗೆ ಎಟಕೂದಿಲ್ಲ. ಕೇರ್ಯಾಗ ಬಾಣಂತಿಗೆ ಎಲುಬಿನ ಸಾರು ಕೊಡಬೇಕಂದ್ರ ಈಗ ಹತ್ತು ಸಲ ಲೆಕ್ಕ ಹಾಕ್ತಾರ.

ಮಗಳು ಗುರುವಾರ ಮತ್ತ ಫೋನ್ ಮಾಡಿದ್ಲು. ಕುಕ್ಕರಿನಾಗ ಮಾಡಿದ್ಲಂತ, ಕಿಟಕಿ ಬಾಗಲ ಎಲ್ಲಾ ಹಾಕ್ಕೊಂಡು. ಗುರೆಳ್ಳು ಜಾಸ್ತಿ ಆಗಿ ಕಹಿ ಹೊಡೀತಂತ, ಆದ್ರೂ ಮೊಮ್ಮಗಳು ಎರಡು ಸಲ ಹಾಕಿಸಿಕೊಂಡು ತಿಂದ್ಲಂತ. ಆವಾಗ ನಾನು ಮಗಳಿಗೆ ಲಿಂಗಸುಗೂರಿನ ಡಬ್ಬಿ ಸುದ್ದಿ ಹೇಳಿದೆ. ಇಷ್ಟು ವರ್ಷದಾಗ ಯಾರಿಗೂ ಹೇಳಿದ್ದಿಲ್ಲ. ಆಕಿ ಸುಮ್ಮ ಇದ್ದು, “ಯವ್ವಾ, ಬ್ಯಾಸಗಿ ಸೂಟಿಗೆ ಬಂದಾಗ ದನದ ಖಂಡ ಒಣಗಸೂದು ಕಲಸು” ಅಂದ್ಲು. ಹೆಸರು ಹಿಡದ ಅಂದ್ಲು.

ಕ್ವಾಣಂದು ಸಿಕ್ರ ತರಸ್ತೀನಿ. ಕುಳ್ಳು ತಟ್ಟಿ ಇಟ್ಟೀನಿ. ಕಾಗಿ ಓಡಸಾಕ ಮೊಮ್ಮಗಳು ಅದಾಳ.